ಮೊದಲು ಪರೀಕ್ಷೆಗೆ, ಆಮೇಲೆ ಪೈಪಿಗೆ: ನೀರಿನ ಅನುದಾನ ಪಡೆದ ನನ್ನ ಅನುಭವ

ನಮ್ಮ ನೀರಿನ ಯೋಜನೆಗೆ ಕೊನೆಗೂ ಅನುದಾನ ಮಂಜೂರಾಯಿತು, ಕೆಲಸವೂ ಮುಗಿಯಿತು. "ಬರೀ ಪರೀಕ್ಷೆಗೆ ಯಾರು ದುಡ್ಡು ಕೊಡ್ತಾರೆ? ಟ್ಯಾಂಕ್ ಕೇಳಿ" ಅಂದಿದ್ದವರೇ ಈಗ ನನ್ನ ಪ್ರಸ್ತಾವನೆಯ ಪ್ರತಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಇಲ್ಲಿದೆ.

ಹಿಂದಿನ ಅರ್ಜಿಗಳೆಲ್ಲ ಒಂದೇ ಥರ ವಾಪಸ್ ಬಂದಿದ್ದವು. ಕೇಳುತ್ತಿದ್ದುದು ಹೊಸ ಟ್ಯಾಂಕ್, ಶುದ್ಧೀಕರಣ ಘಟಕ, ಜೊತೆಗಿಡುತ್ತಿದ್ದುದು ಒಂದು ಲ್ಯಾಬ್ ವರದಿ. ಅನುದಾನ ಸಮಿತಿಯವರ ಪ್ರಶ್ನೆ ಪ್ರತಿ ಸಲವೂ ಅದೇ: ನೀರು ಕೆಡುತ್ತಿರುವುದು ಎಲ್ಲಿ? ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸಲಹೆಗಾರರಿಗೆ ಕೊಟ್ಟ ಹಣವೂ ಹೋಯಿತು. ಅರ್ಜಿ ತಯಾರಿಸಿದ ಖರ್ಚನ್ನು ಆಮೇಲೆ ಅನುದಾನದ ಲೆಕ್ಕಕ್ಕೆ ಸೇರಿಸಲು ಅನುದಾನ ಕೊಡುವವರಲ್ಲಿ ಹೆಚ್ಚಿನವರು ಬಿಡುವುದಿಲ್ಲ.

ನಾನು ಪೈಪು, ಟ್ಯಾಂಕು ಎಲ್ಲ ಬದಿಗಿಟ್ಟು, ಒಟ್ಟು ಅಂದಾಜಿನ ಸುಮಾರು ಶೇ 4ರಷ್ಟನ್ನು ಪೂರ್ವಸಿದ್ಧತೆಗೆ ಮಾತ್ರ ಕೇಳಿದೆ. ಸಣ್ಣ ಮೊತ್ತ, ಬೇಗ ಸಿಕ್ಕಿತು. ಆ ದುಡ್ಡಲ್ಲಿ ಬೋರ್‌ವೆಲ್, ಟ್ಯಾಂಕಿನ ಹೊರದಾರಿ, ಮಧ್ಯದ ನಲ್ಲಿ, ಕೊನೇ ನಲ್ಲಿ ಹೀಗೆ ನಾಲ್ಕು ಕಡೆ ಒಂದೇ ದಿನ ಮಾದರಿ ತೆಗೆಯುತ್ತಾ, ಮಳೆಗಾಲ, ಬೇಸಿಗೆ ಎರಡನ್ನೂ ದಾಟಿಸಿದೆವು.

ಬಾಟಲಿ ವಿಷಯದಲ್ಲಿ ಹುಷಾರು. ಕ್ಲೋರಿನ್ ಹಾಕಿದ ನೀರಿಗೆ ಸೋಡಿಯಂ ಥಯೋಸಲ್ಫೇಟ್ (ಕ್ಲೋರಿನ್‌ನ ಕೆಲಸ ನಿಲ್ಲಿಸುವ ರಾಸಾಯನಿಕ) ಇರುವ ಬಾಟಲಿಯೇ ಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಕೆಟ್ಟ ನೀರೂ ಪಾಸಾಗುತ್ತದೆ. ಒಂದು ಲ್ಯಾಬ್‌ನವರು ಅದನ್ನು ಹಾಕದ ಬಾಟಲಿ ಕಳಿಸಿದ್ದರು. ಆ ಸುತ್ತಿನ ಫಲಿತಾಂಶ ಪೂರ್ತಿ ಬಿಸಾಡಿ, ಮತ್ತೆ ದುಡ್ಡು ಕೊಟ್ಟು ಮಾಡಿಸಿದೆವು. ನಲ್ಲಿಯಿಂದ ಎರಡು ಥರ ಹಿಡಿದೆವು: ನೀರು ಬಿಟ್ಟ ತಕ್ಷಣದ್ದು, ಸ್ವಲ್ಪ ಹೊತ್ತು ಹರಿಸಿದ ಮೇಲಿನದ್ದು. ಇದು ಜಾಸ್ತಿ ಜನ ಮಾಡುವುದಿಲ್ಲ, ನಮಗೆ ಗೆಲುವು ತಂದಿದ್ದು ಇದೇ.

ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಆಸುಪಾಸು, ನೈಟ್ರೇಟ್ 30ರ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5 ಮತ್ತು 50, ಅಂದರೆ ಮೂಲದಲ್ಲಿ ತೊಂದರೆಯಿಲ್ಲ. ಟ್ಯಾಂಕಿನ ಹೊರದಾರಿಯಲ್ಲಿ ಕ್ಲೋರಿನ್ 0.5, ಕೊನೇ ನಲ್ಲಿಯಲ್ಲಿ ಸೊನ್ನೆ. ಅಲ್ಲಿ ಮೊದಲು ಬಂದ ನೀರಿನಲ್ಲಿ ಇ-ಕೋಲೈ, ಅಂದರೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ. ನೀರು ಬಿಡುವುದು ನಿಂತಾಗ ಪೈಪ್ ಖಾಲಿಯಾಗಿ, ಸೋರುವ ಜಾಯಿಂಟ್‌ಗಳಲ್ಲಿ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಶುದ್ಧೀಕರಣ ಘಟಕವೇ ಬೇಕಾಗಿರಲಿಲ್ಲ! ಅದನ್ನು ಕೈಬಿಟ್ಟಿದ್ದಕ್ಕೆ ಅಂದಾಜು ಪಟ್ಟಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಈ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಅಂತ ಇದೆ, ಭಾರತದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ, ಮಲದ ಸೋಂಕಿದ್ದರೆ ನೀರು ಕಪ್ಪಾಗುತ್ತದೆ. ಅದನ್ನು ಮನೆಮನೆಗೆ ಹಂಚಿದೆ. ನಮ್ಮಲ್ಲಿ ಹತ್ತಕ್ಕೆ ಎಂಟು ಸಲ ಲ್ಯಾಬಿಗೆ ಹೊಂದಿತು. ಇದನ್ನು ಸಾಕ್ಷಿಯಾಗಿ ಕೊಡಲಿಲ್ಲ, ಯಾವ ನಲ್ಲಿಯ ನೀರನ್ನು ಲ್ಯಾಬಿಗೆ ಕಳಿಸಬೇಕು ಎಂದು ಆರಿಸಲು ಬಳಸಿದೆ. ಲ್ಯಾಬ್ ಖರ್ಚು ಮೂರರಲ್ಲಿ ಒಂದು ಪಾಲು ಉಳಿಯಿತು. ತಮ್ಮ ಮನೆ ಬಾಟಲಿ ಕಪ್ಪಾಗಿದ್ದನ್ನು ನೋಡಿದವರು ತಿಂಗಳ ನೀರಿನ ಶುಲ್ಕಕ್ಕೆ ತಕರಾರೇ ಮಾಡಲಿಲ್ಲ.

ದೊಡ್ಡ ಅರ್ಜಿಯಲ್ಲಿ ನೂರಕ್ಕೆ ಅರವತ್ತರಷ್ಟು ಪೈಪು, ವಾಲ್ವು. ಹತ್ತರಷ್ಟು ನೀರಿನ ಮೀಟರಿಗೆ, ಕ್ಲೋರಿನ್ ಉಪಕರಣಕ್ಕೆ. ಇನ್ನು ಎಂಟರಿಂದ ಹತ್ತರಷ್ಟು ಮುಂದಿನ ಪರೀಕ್ಷೆಗಳಿಗೆ, ಅಷ್ಟೇ ನೀರುಗಂಟಿಗಳ ತರಬೇತಿಗೆ. ಉಳಿದದ್ದು ಮೇಲ್ವಿಚಾರಣೆ ಮತ್ತು ಅನಿರೀಕ್ಷಿತ ಖರ್ಚು. ವಿವರಣೆಯನ್ನು ನೀರಿನ ಸುರಕ್ಷತಾ ಯೋಜನೆಯ ಚೌಕಟ್ಟಿನಲ್ಲೇ ಬರೆದೆ. ವಿಶ್ವ ಆರೋಗ್ಯ ಸಂಸ್ಥೆ 2004ರಿಂದ ಹೇಳುತ್ತಿರುವುದು ಅದನ್ನೇ: ಮೂಲದಿಂದ ನಲ್ಲಿಯವರೆಗೆ ಅಪಾಯ ಎಲ್ಲೆಲ್ಲಿ ಅಂತ ಗುರುತಿಸಿ. ನಮ್ಮ ಪಾಲಿನ ವಂತಿಗೆಯಲ್ಲಿ ಬಹುಭಾಗ ಶ್ರಮದಾನ. ದಿನದಿನದ ಹಾಜರಿಗೆ ಸಹಿ ಇದ್ದದ್ದರಿಂದ ಆಡಿಟ್‌ನಲ್ಲಿ ಪೂರ್ತಿ ಒಪ್ಪಿದರು. ಅರ್ಜಿಗೆ ಮುಂಚೆ ಅನುದಾನದವರಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ್ದೆ, ಪ್ರಸ್ತಾವನೆಯ ಮೊದಲ ಪುಟ ಅದರ ಮೇಲೇ ನಿಂತಿತ್ತು. ಮುಂದಿನ ಸುತ್ತಿನಲ್ಲಿ ನಾನೂ ಸ್ಪರ್ಧೆಯಲ್ಲಿದ್ದೇನೆ, ಅದನ್ನು ಈಗ ಹೇಳಲ್ಲ.

ಜಾಸ್ತಿ ಕಾಡಿದ್ದು ಹಣ ಬರುವ ರೀತಿ. ಮೊದಲು ಖರ್ಚು ಮಾಡಿ, ಬಿಲ್ ಕೊಟ್ಟು, ಆಮೇಲೆ ಕಂತು. ಒಂದು ಕಂತು ನಾಲ್ಕೈದು ತಿಂಗಳು ತಡವಾಯಿತು, ಅಗೆದ ಗುಂಡಿ ಹಾಗೇ ಬಿತ್ತು, ಗುತ್ತಿಗೆದಾರರು ಜನರನ್ನು ಬೇರೆ ಕಡೆ ಕಳಿಸಿದರು. ಪೈಪ್ ಕೊಡುವವರ ಜೊತೆ ಮೂರು ಹಂತದ ಪಾವತಿಗೆ ಬರಹದಲ್ಲಿ ಒಪ್ಪಂದ ಇದ್ದದ್ದೇ ಕಾಪಾಡಿತು. ಒಂದೂವರೆ ಕಂತಿನಷ್ಟು ಹಣ ಕೈಯಲ್ಲಿಲ್ಲದೆ ಇಂಥ ಅನುದಾನಕ್ಕೆ ಕೈ ಹಾಕಬೇಡಿ.

ಈಗ ಕೊನೇ ನಲ್ಲಿಯಲ್ಲಿ ಕ್ಲೋರಿನ್ 0.2ಕ್ಕಿಂತ ಕೆಳಗಿಳಿದಿಲ್ಲ. ಪಕ್ಕದ ಬಡಾವಣೆಯವರೂ ಕೈಜೋಡಿಸಿದ್ದಾರೆ. ಅಲ್ಲಿ ಫ್ಲೋರೈಡ್ 2 ದಾಟಿದೆ, ಪೈಪ್ ಬದಲಿಸಿ ಪ್ರಯೋಜನವಿಲ್ಲ, ಕುದಿಸಿದರೂ ಹೋಗಲ್ಲ. ಇನ್ನೊಂದು ಮೂಲದ ನೀರು ಬೆರೆಸಿ ಇಳಿಸಬಹುದಾ ಅಂತ ಮೊದಲು ನೋಡಬೇಕು. ಮಾದರಿ ತೆಗೆಯುವ ಕೆಲಸ ಶುರು ಮಾಡಿದ್ದೇವೆ.