ಎದ್ದು ನಿಂತರೆ ಚಕ್ಕರ್ ಬರುತ್ತದೆಯೇ? ಹೊಟ್ಟೆ ಬೆಲ್ಟ್, ಒತ್ತಡದ ಕಾಲುಚೀಲ ತೊಡುವ ಕ್ರಮ

ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆಗಟ್ಟುವುದು, ಜಾತ್ರೆಯ ಸರದಿಯಲ್ಲಿ ನಿಂತು ನಿಂತು ಮೈ ಬೆವರಿ ಕುಸಿಯುವಂತಾಗುವುದು: ಇದಕ್ಕೆ ವಿಜಯಪುರ, ಬಾಗಲಕೋಟೆ ಕಡೆ ಸಿಗುವ ಮೊದಲ ಉತ್ತರ ‘ಪಿತ್ತ’. ಮನೆಯವರು ಲಿಂಬೆ ಶರಬತ್ತು ಕುಡಿಸುತ್ತಾರೆ. ಅದರಲ್ಲಿರುವ ನೀರು, ಉಪ್ಪಿನಿಂದ ನಿಜವಾಗಿಯೂ ತುಸು ಚೇತರಿಕೆ ಸಿಗುತ್ತದೆ; ಹಾಗಾಗಿ ಪಿತ್ತದ ಮೇಲಿನ ನಂಬಿಕೆಯೂ ಗಟ್ಟಿಯಾಗುತ್ತದೆ.

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ರಕ್ತನಾಳಗಳಿಗೆ ಇಳಿಯುತ್ತದೆ. ನರಗಳು ತಕ್ಷಣ ನಾಳಗಳನ್ನು ಬಿಗಿ ಮಾಡಿ, ಹೃದಯದ ಬಡಿತವನ್ನು ಸ್ವಲ್ಪ ಏರಿಸಿ ಮಿದುಳಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ. ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ರೋಗ, ಕೆಲವು ಮಾತ್ರೆಗಳು ಈ ವ್ಯವಸ್ಥೆಯನ್ನು ಮಂದಗೊಳಿಸುತ್ತವೆ. ಆಗ ಹೊರಗಿನಿಂದ ಒತ್ತಡ ಕೊಟ್ಟು ರಕ್ತವನ್ನು ಮೇಲಕ್ಕೆ ತಳ್ಳುವುದೇ ಒತ್ತಡದ ಉಡುಪಿನ ಕೆಲಸ. ಯುದ್ಧವಿಮಾನದ ಪೈಲಟ್‌ಗಳು ಪ್ರಜ್ಞೆ ತಪ್ಪದಿರಲೆಂದು ತೊಡುವ ವಿಶೇಷ ಉಡುಪೂ ಇದೇ ತತ್ತ್ವದ್ದು.

ಅಂಗಡಿಗೆ ಹೋಗುವ ಮುನ್ನ ಅಳೆಯಿರಿ

ಮನೆಯಲ್ಲಿ ಬಿ.ಪಿ. ಯಂತ್ರ ಇದ್ದರೆ ಸಾಕು. ಬೆಳಿಗ್ಗೆ ಐದು ನಿಮಿಷ ಅಲುಗಾಡದೆ ಮಲಗಿ, ಮಲಗಿದಲ್ಲೇ ಬಿ.ಪಿ. ಮತ್ತು ನಾಡಿಬಡಿತ ನೋಡಿ ಬರೆದಿಡಿ. ಎದ್ದು ನಿಂತು ಒಂದನೆಯ ನಿಮಿಷಕ್ಕೊಮ್ಮೆ, ಮೂರನೆಯ ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ತಲೆ ತಿರುಗಿದರೆ ಅಳತೆ ಬಿಟ್ಟು ಕುಳಿತುಬಿಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದು ನಿಂತಾಗ ರಕ್ತದೊತ್ತಡ ಕುಸಿಯುವ ತೊಂದರೆ. ಬಿ.ಪಿ. ಇಳಿಯದೆ, ನಿಂತ ಹತ್ತು ನಿಮಿಷದೊಳಗೆ ಬಡಿತ ಮಾತ್ರ 30ಕ್ಕಿಂತ ಹೆಚ್ಚು ಏರಿ ನಿಂತರೆ ಅದು ಬೇರೆ. ‘ಪಾಟ್ಸ್’ ಎಂದು ವೈದ್ಯರು ಕರೆಯುವ ಈ ತೊಂದರೆ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಕಾಣುತ್ತದೆ. ಹದಿಹರೆಯದವರಲ್ಲಿ 30ರ ಬದಲು 40 ಎಂದು ಲೆಕ್ಕ ಹಿಡಿಯುತ್ತಾರೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ಸುತ್ತಿದಂತಾದರೆ ದೋಷ ಕಿವಿಯ ಒಳಭಾಗದ್ದಿರಬಹುದು. ಅದಕ್ಕೆ ಯಾವ ಬೆಲ್ಟೂ ಉಪಯೋಗಕ್ಕೆ ಬಾರದು.

ಬರೆದಿಟ್ಟ ಅಂಕಿಗಳನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ಚಕ್ಕರ್ ತರಿಸುವುದುಂಟು. ಪ್ರಮಾಣ ಬದಲಿಸಿದರೆ ಉಡುಪಿನ ಖರ್ಚೇ ಉಳಿಯಬಹುದು. ನೀವಾಗಿ ನಿಲ್ಲಿಸಬೇಡಿ. ರಕ್ತಹೀನತೆ ಇದೆಯೇ ಎಂದೂ ಪರೀಕ್ಷಿಸಿಕೊಳ್ಳಿ. ಎದೆನೋವಿನೊಂದಿಗೆ ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಮಲ ಕಪ್ಪಗೆ ಹೋದರೆ ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಯಾರು ತೊಡಬಾರದು?

ಕಾಲಿನ ಅಪಧಮನಿ ಕಟ್ಟಿಕೊಂಡವರಿಗೆ ಬಿಗಿ ಕಾಲುಚೀಲ ಅಪಾಯಕಾರಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು ಮತ್ತು ನಿಂತರೆ ಬಿಡುವುದು, ಪಾದ ತಣ್ಣಗಿರುವುದು, ಬೆರಳಿನ ಗಾಯ ಮಾಯದಿರುವುದು ಅದರ ಗುರುತುಗಳು. ಬೀಡಿ ಸೇದುವವರು, ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರು ಕಾಲಿನ ನಾಡಿ ಪರೀಕ್ಷೆ ಮಾಡಿಸದೆ ಖರೀದಿಸಬಾರದು. ಪಾದದ ಸ್ಪರ್ಶಜ್ಞಾನ ಹೋಗಿರುವವರಿಗೆ ಚೀಲ ಕೊರೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಹೃದಯ ವೈಫಲ್ಯ ತೀವ್ರವಾಗಿರುವವರು, ಚರ್ಮದಲ್ಲಿ ಸೋಂಕು ಇರುವವರೂ ದೂರವಿರಬೇಕು. ಹರ್ನಿಯಾ ಇರುವವರು, ಗರ್ಭಿಣಿಯರು ಹೊಟ್ಟೆ ಬೆಲ್ಟಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಹೊಟ್ಟೆ ಮೊದಲು, ಕಾಲು ಆಮೇಲೆ

ಔಷಧದ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮೊಣಕಾಲಿನವರೆಗಿನ ‘ವೆರಿಕೋಸ್ ಸಾಕ್ಸ್’ ತೆಗೆದುಕೊಡುತ್ತಾರೆ. ಕಾಲಿನ ಬಾವು, ಉಬ್ಬಿದ ರಕ್ತನಾಳಗಳಿಗೆ ಅದು ಸರಿ. ಚಕ್ಕರಿಗೆ ಅದರಿಂದ ಸಿಗುವ ಲಾಭ ಕಡಿಮೆ, ಏಕೆಂದರೆ ಕೆಳಗಿಳಿಯುವ ರಕ್ತದ ದೊಡ್ಡ ಪಾಲು ನಿಲ್ಲುವುದು ಹೊಟ್ಟೆಯಲ್ಲಿ ಮತ್ತು ತೊಡೆಯಲ್ಲಿ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2021ರಲ್ಲಿ ಪಾಟ್ಸ್ ರೋಗಿಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲೂ ಹೊಟ್ಟೆ ಮತ್ತು ಕಾಲು ಎರಡನ್ನೂ ಒತ್ತಿದಾಗ ಹೃದಯಬಡಿತ ಹೆಚ್ಚು ತಗ್ಗಿತ್ತು. ಆದ್ದರಿಂದ ಹಣ ಒಂದಕ್ಕೇ ಇದ್ದರೆ ನನ್ನ ಸಲಹೆ ಹೊಟ್ಟೆ ಬೆಲ್ಟು. ಅದು ಅಗ್ಗ, ತೊಡುವುದಕ್ಕೆ ಬಗ್ಗಿ ಒದ್ದಾಡಬೇಕಿಲ್ಲ. ಅಂಗಿಯ ಅಡಿ, ಸೀರೆಯ ಅಡಿ ಕಾಣುವುದೂ ಇಲ್ಲ. ಧೋತರ ಉಡುವ ಹಿರಿಯರು ಕಾಲುಚೀಲವನ್ನು ಒಲ್ಲೆನೆನ್ನುವುದು ಬಹುಪಾಲು ನಾಚಿಕೆಗಾಗಿ. ಬೆಲ್ಟಿಗೆ ಆ ತಕರಾರಿಲ್ಲ. ಬಾಣಂತಿಯರ ಹೊಟ್ಟೆಗೆ ಹಳೆಯ ಸೀರೆ ಸುತ್ತುವುದನ್ನು ಕಂಡ ಮನೆಗಳಿಗೆ ಇದೇನೂ ಹೊಸತಲ್ಲ.

ಶಸ್ತ್ರಚಿಕಿತ್ಸೆಯ ನಂತರ ಕಟ್ಟುವ, ಗಾಳಿಯಾಡುವ ಎಲಾಸ್ಟಿಕ್ ಬಟ್ಟೆಯ ಬೆಲ್ಟು ಆರಿಸಿ. ತೂಕ ಇಳಿಸುತ್ತದೆಂದು ಮಾರುವ ರಬ್ಬರಿನ ಬೆಲ್ಟು ಬೇಡ, ಅದು ಬೆವರಿಳಿಸಿ ನೀರಿನಂಶ ಇನ್ನಷ್ಟು ಕಡಿಮೆ ಮಾಡುತ್ತದೆ. ಮಲಗಿಕೊಂಡೇ, ಕೆಳಪಕ್ಕೆಲುಬಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಬರುವಂತೆ ಕಟ್ಟಿ. ಬಿಗಿತ ತಿಳಿಯಬೇಕು, ಉಸಿರಾಟಕ್ಕೆ ತಡೆಯಾಗಬಾರದು. ರೊಟ್ಟಿ, ಅನ್ನ ಹೊಟ್ಟೆ ತುಂಬ ಉಂಡು ಎದ್ದಾಗಲೇ ಚಕ್ಕರ್ ಬರುವವರಿದ್ದಾರೆ; ಊಟದ ನಂತರ ರಕ್ತ ಕರುಳಿಗೆ ನುಗ್ಗುವುದೇ ಕಾರಣ. ಅಂಥವರು ಊಟದ ಪ್ರಮಾಣ ಕಡಿಮೆ ಮಾಡಿ ಹೆಚ್ಚು ಸಲ ಉಣ್ಣಬೇಕು, ಎದ್ದು ಓಡಾಡುವ ಮುನ್ನ ಬೆಲ್ಟು ಕಟ್ಟಿಕೊಳ್ಳಬೇಕು.

ಕಾಲುಚೀಲ ಕೊಳ್ಳುವುದು, ತೊಡುವುದು

ಬೆಲ್ಟೊಂದೇ ಸಾಲದಿದ್ದರೆ ತೊಡೆಯವರೆಗಿನ ಅಥವಾ ಸೊಂಟದವರೆಗಿನ ಚೀಲ ಸೇರಿಸಿ. ಚೀಲ ಕಣಕಾಲಿನ ಹತ್ತಿರ ಹೆಚ್ಚು ಬಿಗಿಯಾಗಿದ್ದು ಮೇಲೆ ಹೋದಂತೆ ಸಡಿಲವಾಗುತ್ತದೆ. ಪೆಟ್ಟಿಗೆಯ ಮೇಲಿನ ‘ಕ್ಲಾಸ್’ ಸಂಖ್ಯೆಯನ್ನು ನಂಬಬೇಡಿ. ಕ್ಲಾಸ್ 2 ಎಂದರೆ ಜರ್ಮನಿಯ ಲೆಕ್ಕದಲ್ಲಿ 23ರಿಂದ 32 ಮಿ.ಮೀ. ಪಾದರಸದ ಒತ್ತಡ, ಬ್ರಿಟನ್ನಿನ ಲೆಕ್ಕದಲ್ಲಿ 18ರಿಂದ 24 ಮಾತ್ರ. ನೋಡಬೇಕಾದ್ದು ಒತ್ತಡದ ಅಂಕಿಯನ್ನು. ಚಕ್ಕರಿಗೆ 30ರಿಂದ 40ರದ್ದನ್ನು ಸೂಚಿಸುವುದುಂಟು, ಆದರೆ ಅದನ್ನು ಸಹಿಸುವವರು ಕಡಿಮೆ. ಪೆಟ್ಟಿಗೆಯಲ್ಲೇ ಉಳಿಯುವ 40ಕ್ಕಿಂತ ದಿನವೂ ಕಾಲೇರುವ 20–30 ಮೇಲು. ಆಸ್ಪತ್ರೆಯಿಂದ ತಂದ ಬಿಳಿ ಚೀಲ ಮನೆಯಲ್ಲಿದ್ದರೆ ಅದು ಮಲಗಿರುವ ರೋಗಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ಮಾಡಿದ್ದು. ನಡೆದಾಡುವವರಿಗೆ ಅದರ ಒತ್ತಡ ಸಾಲದು.

ಅಳತೆಯನ್ನು ಬೆಳಿಗ್ಗೆಯೇ, ಬಾವು ಏರುವ ಮುನ್ನ ಕೊಡಿ: ಕಣಕಾಲಿನ ತೀರ ಸಣ್ಣ ಭಾಗ, ಮೀನಖಂಡದ ದಪ್ಪ ಭಾಗ, ತೊಡೆಯ ಸುತ್ತಳತೆ, ನೆಲದಿಂದ ತೊಡೆಯವರೆಗಿನ ಉದ್ದ. ಚಪ್ಪಲಿಯ ನಂಬರಿನ ಮೇಲೆ ಅಳತೆ ಹೇಳುವ ಅಂಗಡಿಯನ್ನು ಬಿಟ್ಟು ಮುಂದೆ ಹೋಗಿ.

ತೊಡುವುದಕ್ಕೆ ಮಂಚದಿಂದ ಇಳಿಯುವ ಮುನ್ನವೇ ಹೊತ್ತು. ಓಡಾಡಿ ರಕ್ತ ಕೆಳಗಿಳಿದ ಮೇಲೆ ಏರಿಸುವುದು ಕಷ್ಟ. ಹಿಮ್ಮಡಿಯವರೆಗೆ ಚೀಲವನ್ನು ಒಳಹೊರಗು ಮಾಡಿ, ಪಾದ ತೂರಿಸಿ, ಹಿಮ್ಮಡಿ ತನ್ನ ಜಾಗಕ್ಕೆ ಕೂತ ಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಉಗುರೂ ತಾಗದು. ಬೆರಳು ತೆರೆದಿರುವ ಚೀಲವಾದರೆ ಪಾದಕ್ಕೆ ಮೊದಲು ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿ. ಜಾರಿ ಒಳಗೆ ಹೋಗುತ್ತದೆ, ಆಮೇಲೆ ಬೆರಳ ಕಡೆಯಿಂದ ಪ್ಲಾಸ್ಟಿಕ್ಕನ್ನು ಎಳೆದುಬಿಡಿ. ಕಾಲುಂಗುರ ತೆಗೆಯಲು ಒಪ್ಪದ ಮಹಿಳೆಯರಿಗೆ ಈ ಬಗೆಯೇ ಒಳ್ಳೆಯದು, ಇಲ್ಲವಾದರೆ ಉಂಗುರ ದಾರವನ್ನು ಕಿತ್ತು ಹಾಕುತ್ತದೆ. ಒಡೆದ ಹಿಮ್ಮಡಿಯೂ ಅಷ್ಟೇ. ಅದಕ್ಕೆ ಎಣ್ಣೆಯನ್ನು ರಾತ್ರಿ ಹಚ್ಚಿ, ಬೆಳಿಗ್ಗೆ ಅಲ್ಲ. ಮೇಲ್ತುದಿಯನ್ನು ಎಂದೂ ಮಡಚಬೇಡಿ, ಮಡಿಕೆ ಬಂದಲ್ಲಿ ಒತ್ತಡ ಇಮ್ಮಡಿಯಾಗಿ ಕಾಲಿಗೆ ದಾರ ಕಟ್ಟಿದಂತಾಗುತ್ತದೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ತೆಗೆಯಿರಿ.

ರಾತ್ರಿ ಮಲಗುವಾಗ ಬೆಲ್ಟು, ಚೀಲ ಎರಡೂ ಬಿಚ್ಚಬೇಕು. ನಿಂತಾಗ ಬಿ.ಪಿ. ಕುಸಿಯುವ ಹಲವರಿಗೆ ಮಲಗಿದಾಗ ಅದು ಏರುತ್ತದೆ.

ಬೇಸಿಗೆಯಲ್ಲಿ ಏನು ಮಾಡುವುದು?

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಉದ್ದ ಚೀಲ ಹಾಕಿ ಎಂದು ಹೇಳುವವರಿಗೆ ಸ್ವಲ್ಪ ಸಂಕೋಚವಿರಬೇಕು. ಆದರೆ ಬಿಸಿಲಿಗೆ ಚರ್ಮದ ನಾಳಗಳು ಹಿಗ್ಗಿ ಚಕ್ಕರ್ ಹೆಚ್ಚಾಗುವುದೂ ಆಗಲೇ. ಬೇಸಿಗೆಯಲ್ಲಿ ಬೆಲ್ಟು ಮಾತ್ರ ಉಳಿಸಿಕೊಂಡು, ನಿಲ್ಲುವ ಕೆಲಸದ ಹೊತ್ತಿಗಷ್ಟೇ ಚೀಲ ತೊಡುವುದು ಸಾಧ್ಯವಾದ ದಾರಿ. ಎದ್ದು ಹೊರಡುವ ಮುನ್ನ ಅರ್ಧ ಲೀಟರ್ ನೀರನ್ನು ಬೇಗ ಕುಡಿದರೆ ಸ್ವಲ್ಪ ಹೊತ್ತು ಬಿ.ಪಿ. ಏರಿ ನಿಲ್ಲುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಇದು ಬೇಡ. ಮಜ್ಜಿಗೆಗೆ ಹೆಚ್ಚು ಉಪ್ಪು ಹಾಕಿಕೊಳ್ಳುವುದನ್ನೂ ವೈದ್ಯರು ಹೇಳಿದರೆ ಮಾತ್ರ ಮಾಡಿ.

ಕುಣಿಮಗ್ಗದಲ್ಲಿ ಕುಳಿತ ಇಳಕಲ್ಲಿನ ನೇಕಾರರ ಕಾಲು ತುಳಿಯುವ ಹಲಗೆಯ ಮೇಲೆ ಆಡುತ್ತಲೇ ಇರುತ್ತದೆ. ಮೀನಖಂಡದ ಸ್ನಾಯು ಪ್ರತಿ ತುಳಿತಕ್ಕೂ ರಕ್ತವನ್ನು ಮೇಲೆತ್ತುತ್ತದೆ. ರಬಕವಿ–ಬನಹಟ್ಟಿಯ ವಿದ್ಯುತ್ ಮಗ್ಗದ ಮುಂದೆ ನಿಂತು ದಾರ ಕಾಯುವವರಿಗೆ ಆ ಸೌಕರ್ಯವಿಲ್ಲ. ಅವರು, ಹಾಗೆಯೇ ಶಿಕ್ಷಕರು, ಹೋಟೆಲಿನ ಅಡುಗೆಯವರು ಆಗಾಗ ಹಿಮ್ಮಡಿ ಎತ್ತಿ ಇಳಿಸಬೇಕು. ಕತ್ತಲೆ ಕವಿಯತೊಡಗಿದರೆ ಕಾಲನ್ನು ಕತ್ತರಿಯಾಗಿಸಿ ತೊಡೆ, ಪೃಷ್ಠ ಬಿಗಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಯಾರು ಏನೆಂದುಕೊಂಡರೂ ಸರಿ, ನೆಲಕ್ಕೆ ಕುಳಿತುಬಿಡಬೇಕು.

ಎರಡು ವಾರ ತೊಟ್ಟ ಮೇಲೆ ಅದೇ ಮಲಗಿ–ನಿಂತ ಅಳತೆಯನ್ನು ಉಡುಪು ಹಾಕಿಕೊಂಡು ಒಮ್ಮೆ, ಹಾಕದೆ ಒಮ್ಮೆ ಮಾಡಿ. ಅಂಕಿಯಲ್ಲೂ ಮೈಯಲ್ಲೂ ವ್ಯತ್ಯಾಸ ಕಾಣದಿದ್ದರೆ ಒತ್ತಡ ಅಥವಾ ಅಳತೆ ತಪ್ಪಿದೆ, ಇಲ್ಲವೇ ಈ ಉಪಾಯ ನಿಮಗೆ ಒಗ್ಗುವುದಿಲ್ಲ; ವೈದ್ಯರಲ್ಲಿ ಔಷಧದ ಮಾತೆತ್ತಿ. ಗುಣ ಕಂಡರೆ ಎರಡು ಜೊತೆ ಇಟ್ಟುಕೊಂಡು ದಿನವೂ ಸೌಮ್ಯ ಸೋಪಿನಲ್ಲಿ ಒಗೆಯಿರಿ, ಹಿಂಡದೆ ನೆರಳಲ್ಲಿ ಒಣಗಿಸಿ. ಸುಮಾರು ಆರು ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ. ಕಷ್ಟಪಡದೆ ಸಲೀಸಾಗಿ ಏರತೊಡಗಿದ ಚೀಲವನ್ನು ಬದಲಿಸುವ ಹೊತ್ತು ಬಂದಿದೆ.