ಕಾರಿನೊಳಗಿನ ಬೆಳಕಿಗೆ ಕಡಿವಾಣ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಮುಗಿಸಿ ತೀರ್ಥಹಳ್ಳಿ ಕಡೆಗೆ ಹೊರಡುವಷ್ಟರಲ್ಲಿ ಸಾಮಾನ್ಯವಾಗಿ ಕತ್ತಲಾಗಿರುತ್ತದೆ. ಸಕ್ರೆಬೈಲಿನಿಂದ ಮುಂದೆ ಕಾಡಿನ ದಾರಿ. ಹೆಡ್‌ಲೈಟು ರಸ್ತೆಯನ್ನು ತೋರಿಸುತ್ತದೆ, ನಿಜ. ಆದರೆ ಕಡವೆಯಾಗಲಿ ಬಿಡಾಡಿ ದನವಾಗಲಿ ನುಗ್ಗುವುದು ಬೆಳಕಿನ ಅಂಚಿನ ಆಚೆಯಿಂದ. ಅಲ್ಲಿ ಅಲುಗಿದ್ದು ಕಾಣಬೇಕಾದರೆ ಕಣ್ಣು ಕತ್ತಲೆಗೆ ಒಗ್ಗಿರಬೇಕು. ನನ್ನ ಹಳೆಯ ಕಾರಿನ ನೀಲಿ ಸ್ಟೀರಿಯೋ ಅದಕ್ಕೆ ಆಸ್ಪದ ಕೊಡುತ್ತಿರಲಿಲ್ಲ.

ಮಸುಕು ಬೆಳಕಿನಲ್ಲಿ ನೋಡಲು ನೆರವಾಗುವ ದಂಡಕೋಶಗಳು ಪೂರ್ತಿ ಸಜ್ಜಾಗಲು 20ರಿಂದ 30 ನಿಮಿಷ ಬೇಕು. ಕೆಡಲು ಕ್ಷಣ ಸಾಕು. ಈ ಕೋಶಗಳು 500 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ-ಹಸಿರು ಬೆಳಕಿಗೆ ಅತಿ ಸೂಕ್ಷ್ಮ. 640 ದಾಟಿದ ಕೆಂಪು ಅವಕ್ಕೆ ಕಂಡೂ ಕಾಣದಂತೆ. ಎದುರಿನ ವಾಹನದ ದೀಪ ಹೇಗೂ ಕಣ್ಣಿಗೆ ಹೊಡೆಯುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಕಾರಿನ ಒಳಗಿನದು ನಮ್ಮ ಕೈಯಲ್ಲಿದೆ.

ಮೊದಲು ಮೀಟರಿನ ಬೆಳಕನ್ನು ಕನಿಷ್ಠಕ್ಕೆ ಇಳಿಸಿದೆ. ಖರ್ಚಿಲ್ಲದ ಈ ಕೆಲಸದಿಂದಲೇ ಅರ್ಧ ಲಾಭ. ಬಣ್ಣಕ್ಕಿಂತ ಮಬ್ಬು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣು ಕುಕ್ಕುವ ಕೆಂಪು ಪಟ್ಟಿ ಅಂಟಿಸಿಕೊಂಡು ಮೆರೆಯುವುದು ಬರೀ ಶೋಕಿ. ಸ್ಟೀರಿಯೋದ ಮುಖಕ್ಕೆ ಕಾರಿನ ಗಾಜಿಗೆ ಹಚ್ಚುವ ಕಪ್ಪು ಫಿಲಂನ ತುಂಡನ್ನು ಎರಡು ಪದರ ಅಂಟಿಸಿದೆ. ಕಾರಿನ ಗಾಜಿಗೆ ಕಪ್ಪು ಫಿಲಂ ಹಚ್ಚಬಾರದೆಂಬ 2012ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಅಂಗಡಿಗಳಲ್ಲಿ ಉಳಿದುಹೋದ ಫಿಲಂಗೆ ಇದೊಂದು ಸದ್ಗತಿ. ಹೈಬೀಮ್ ಸೂಚಿಸುವ ನೀಲಿ ಚುಕ್ಕೆಗೂ ಒಂದು ಪದರ ಹಾಕಿದೆ. ಸೂಚನೆ ಮಬ್ಬಾಗಬಹುದು, ಮರೆಯಾಗಬಾರದು. ಆಯಿಲ್, ಬ್ರೇಕ್, ಟೆಂಪರೇಚರ್ ದೀಪಗಳನ್ನು ಮುಟ್ಟಲೇ ಇಲ್ಲ.

ನಿಜವಾದ ಕೆಲಸ ಚಾವಣಿ ದೀಪದ್ದು. ಹಿಂದಿನ ಸೀಟಿನಲ್ಲಿ ಯಾರಾದರೂ ಕನ್ನಡಕ ಹುಡುಕಲು ಅದನ್ನು ಹಾಕಿದರೆ ಮುಂದಿನ ಗಾಜಿನಲ್ಲಿ ರಸ್ತೆಯ ಬದಲು ನಮ್ಮದೇ ಮುಖ. ಹಾಗಾಗಿ ಅದರ ಪಕ್ಕದಲ್ಲಿ ಪ್ರತ್ಯೇಕ ಸ್ವಿಚ್ಚಿನೊಂದಿಗೆ ಒಂದು ಕೆಂಪು ಎಲ್‌ಇಡಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕಾಲಿನ ಹತ್ತಿರ ಇನ್ನೊಂದು ಕೂರಿಸಿದೆ. ಎಂಜಿನ್ ಓಡುವಾಗ ವೋಲ್ಟೇಜ್ 14ರ ಆಸುಪಾಸು ಇರುತ್ತದೆ. ಕೆಂಪು ಎಲ್‌ಇಡಿ ತೆಗೆದುಕೊಳ್ಳುವುದು ಸುಮಾರು 2. ಉಳಿದದ್ದನ್ನು ತಡೆಯಲು ಪ್ರತಿ ಎಲ್‌ಇಡಿಗೂ 2.2 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಹರಿಯುವುದು ಐದಾರು ಮಿಲಿಆಂಪಿಯರ್. ಅಷ್ಟರಲ್ಲೇ ಬಿದ್ದ ಕೀಲಿ ಕಾಣುತ್ತದೆ. ಚಾವಣಿ ದೀಪದ ತಂತಿಯಿಂದಲೇ ಕವಲು ತೆಗೆದು, ಆರಂಭದಲ್ಲೇ 1 ಆಂಪಿಯರ್ ಫ್ಯೂಸ್ ಕೊಟ್ಟು, ಬೆಸುಗೆಯ ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದೆ. ಮಲೆನಾಡಿನ ತೇವದಲ್ಲಿ ಬರೀ ತಿರುಚಿ ಟೇಪು ಸುತ್ತಿದ ತಂತಿ ಎರಡನೇ ಮಳೆಗಾಲಕ್ಕೇ ಹಸಿರು ಕಟ್ಟುತ್ತದೆ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

"ಇದೇನೋ, ದೇವರ ಕೋಣೆಯ ಜೀರೋ ಬಲ್ಬಿನ ಹಾಗಿದೆ" ಎಂದರು ಅಮ್ಮ. ಈಗ ಅವರೇ ಅದನ್ನು ಹಾಕಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಾರೆ.

ಮೊಬೈಲನ್ನು ಗಾಜಿಗೆ ಸಿಕ್ಕಿಸುವುದನ್ನು ಬಿಟ್ಟೆ. ಆಗುಂಬೆ ಘಾಟಿಯ 14 ತಿರುವುಗಳಿಗೆ ನಕ್ಷೆಯ ಹಂಗಿಲ್ಲ, ಇಳಿಯಲು ಇರುವುದು ಒಂದೇ ರಸ್ತೆ.

ಕೆಂಪು ಬೆಳಕಿಗೂ ಕೊರತೆ ಇದೆ. ನಲವತ್ತೈದು ದಾಟಿದ ಕಣ್ಣಿಗೆ ಅದರಲ್ಲಿ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಮಂಡಿಯ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಕಡಿತವಂತೂ ಮಾಯವೇ ಆಗುತ್ತದೆ! ಆದ್ದರಿಂದ ಬಿಳಿ ದೀಪವನ್ನು ಕಿತ್ತಿಲ್ಲ. ಲೆಕ್ಕ ನೋಡಬೇಕಾದರೆ ಕಾರು ನಿಲ್ಲಿಸಿ ಅದನ್ನೇ ಹಾಕುತ್ತೇನೆ, ಮತ್ತೆ ಹೊರಟ ಮೇಲೆ ಕಣ್ಣು ಹೊಂದಿಕೊಳ್ಳುವವರೆಗೆ ನಿಧಾನವಾಗಿ ಓಡಿಸುತ್ತೇನೆ.