ವೈಟನಿಂಗ್ ಪೇಸ್ಟ್: ಹೋದ ಕಲೆ, ಉಳಿದ ಕಲೆ

ಪಾವಗಡದ ಕಡೆಯವರಿಗೆ ಹಲ್ಲಿನ ಕಲೆ ಹೊಸದಲ್ಲ. ಅಲ್ಲಿ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ನಾನು ಬೆಳೆದದ್ದು ಅದನ್ನು ದಾಟಿದ ನೀರು ಕುಡಿದೇ. ಮುಂದಿನ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಅಲ್ಲಲ್ಲಿ ಕಂದು ಗೆರೆ. ಬೆಂಗಳೂರಿಗೆ ಬಂದ ಮೇಲೆ ಫಿಲ್ಟರ್ ಕಾಫಿಯ ಕಲೆಯೂ ಸೇರಿತು. ಎರಡು ಥರದ ಕಲೆ ಒಂದೇ ಬಾಯಲ್ಲಿ ಇದ್ದದ್ದರಿಂದಲೇ, ವೈಟನಿಂಗ್ ಪೇಸ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ತಿಳಿಯಿತು.

ಪೇಸ್ಟ್ ತರುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಹುಳುಕು ಇದೆಯಾ, ಒಸಡು ಇಳಿದು ಬೇರು ಕಾಣುತ್ತಿದೆಯಾ ಅಂತ ನೋಡಿದರು. ಬೇರಿನ ಮೇಲೆ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಇರುವುದಿಲ್ಲ, ಅಲ್ಲಿ ಉಜ್ಜಿದರೆ ಬೇಗ ಸವೆಯುತ್ತದೆ. ನನಗೆ ಆ ತೊಂದರೆ ಇರಲಿಲ್ಲ. ಆದರೆ ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಕೂತಿತ್ತು. ಅದು ಯಾವ ಪೇಸ್ಟಿಗೂ ಬಗ್ಗುವುದಿಲ್ಲ. ಕ್ಲೀನಿಂಗ್ ಮಾಡಿಸಿದೆ. ಕಾಫಿ ಕಲೆಯ ದೊಡ್ಡ ಪಾಲು ಅಲ್ಲೇ ಹೋಯಿತು.

ಡಬ್ಬಿಯ ಮೇಲಿನ ಸಣ್ಣಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ. ಕಲೆ ಉಜ್ಜಿ ತೆಗೆಯುವುದು ಮುಖ್ಯವಾಗಿ ಹೈಡ್ರೇಟೆಡ್ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ನುಣ್ಣನೆಯ ಪುಡಿ. ಸಾದಾ ಪೇಸ್ಟಿನಲ್ಲೂ ಅದು ಇರುತ್ತದೆ, ವೈಟನಿಂಗ್‌ನಲ್ಲಿ ಸಾಮಾನ್ಯವಾಗಿ ಉಜ್ಜುವ ಶಕ್ತಿ ಜಾಸ್ತಿ. ಕೆಲವದರಲ್ಲಿ ಕಲೆಯನ್ನು ಸಡಿಲ ಮಾಡುವ ಫಾಸ್ಫೇಟ್ ಇರುತ್ತದೆ. ಕೆಲವದರಲ್ಲಿ ನೀಲಿ ಬಣ್ಣ ಹಾಕಿರುತ್ತಾರೆ. ಬಿಳಿ ಪಂಚೆಗೆ ನೀಲಿ ಹಾಕುವ ಹಾಗೆ ಅದು ಹಳದಿಯನ್ನು ಸ್ವಲ್ಪ ಹೊತ್ತು ಮರೆಮಾಡುತ್ತದೆ, ಅಷ್ಟೇ. ಪೆರಾಕ್ಸೈಡ್ ಇದ್ದರೂ ಎರಡು ನಿಮಿಷದಲ್ಲಿ ಬಾಯಿ ಮುಕ್ಕಳಿಸಿ ಉಗಿದುಬಿಡುತ್ತೇವಲ್ಲ, ಅದಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಬೆಳಿಗ್ಗೆ ವೈಟನಿಂಗ್, ರಾತ್ರಿ ಸಾದಾ ಫ್ಲೋರೈಡ್ ಪೇಸ್ಟ್ ಅಂತ ಇಟ್ಟುಕೊಂಡೆ. ಮೆತ್ತನೆಯ ಬ್ರಷ್, ಬಟಾಣಿ ಕಾಳಿನಷ್ಟು ಪೇಸ್ಟ್. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಬೆರಳ ತುದಿಯಲ್ಲಿ ಹಿಡಿದೆ, ಆಗ ಒತ್ತಡ ತಾನೇ ಕಡಿಮೆಯಾಗುತ್ತದೆ. ನಿಂಬೆಹಣ್ಣು, ಹುಣಸೆ ತಿಂದ ಮೇಲೆ ಅರ್ಧ ಗಂಟೆ ಬ್ರಷ್ ಮುಟ್ಟಲಿಲ್ಲ. ಹುಳಿಗೆ ಎನಾಮಲ್ ಮೆತ್ತಗಾಗಿರುತ್ತದೆ. ವ್ಯತ್ಯಾಸ ನೋಡಲು ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು ಫೋಟೋ ತೆಗೆಯುತ್ತಿದ್ದೆ. ಹಲ್ಲು ಒದ್ದೆಯಾಗಿರಬೇಕು. ಒಣಗಿದ ಹಲ್ಲು ಸುಮ್ನೆ ಬಿಳಿಯಾಗಿ ಕಾಣುತ್ತದೆ, ನಮ್ಮಂಥವರ ಮಚ್ಚೆಯೂ ಎದ್ದು ಕಾಣುತ್ತದೆ.

ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಕಾಫಿ ಕಲೆ ನಿಧಾನಕ್ಕೆ ಹೋಯಿತು, ಹೊಸದಾಗಿ ಕೂರುವುದೂ ಕಡಿಮೆಯಾಯಿತು. ಫ್ಲೋರೈಡ್ ಕಲೆ ಕೂದಲೆಳೆಯಷ್ಟೂ ಕದಲಲಿಲ್ಲ. ಅದು ಮೇಲೆ ಅಂಟಿದ್ದಲ್ಲ. ಚಿಕ್ಕಂದಿನಲ್ಲಿ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮಲ್‌ನೊಳಗೆ ಸೇರಿದ್ದು. ಅದನ್ನು ಉಜ್ಜಿ ತೆಗೆಯುತ್ತೇನೆ ಅಂದರೆ ಎನಾಮಲ್ಲನ್ನೇ ತೆಗೆಯಬೇಕು. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳುವಾದಷ್ಟೂ ಒಳಗಿನ ಡೆಂಟಿನ್‌ನ ಹಳದಿ ಹೊರಗೆ ಕಾಣುತ್ತದೆ. ಬಿಳಿ ಮಾಡಲು ಹೋಗಿ ಹಳದಿ ಆಗುವುದು ಹೀಗೆಯೇ. ಇದ್ದಿಲು ಪುಡಿ ಹಾಕಿ ಗಸಗಸ ಉಜ್ಜುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಹಂತದಲ್ಲಿ ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನತೊಡಗಿತು. ವೈಟನಿಂಗ್ ನಿಲ್ಲಿಸಿ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಿಗೆ ಬದಲಾಯಿಸಿದೆ. ಕೆಲವು ವಾರದಲ್ಲಿ ಸರಿಹೋಯಿತು. ಈಗ ವೈಟನಿಂಗ್ ವಾರಕ್ಕೆ ಒಂದೆರಡು ಸಲ ಮಾತ್ರ. ಕಂದು ಗೆರೆಗಳಿಗೆ ಡಾಕ್ಟರ ಹತ್ತಿರವೇ ಮೈಕ್ರೋಅಬ್ರೇಷನ್ ಮಾಡಿಸಿದೆ. ಆಸಿಡ್ ಬೆರೆಸಿದ ಪುಡಿಯಿಂದ ಅತಿ ತೆಳುವಾದ ಪದರ ತೆಗೆಯುತ್ತಾರೆ. ಅದು ಅಳತೆ ಗೊತ್ತಿದ್ದವರ ಕೈಯಲ್ಲಿ ಆಗುವ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಗೆರೆಗಳು ತುಂಬಾ ಮಸುಕಾದವು. ಬಿಳಿ ಮಚ್ಚೆ ಇನ್ನೂ ಇದೆ, ಅದರ ಬಗ್ಗೆ ನನಗೀಗ ಚಿಂತೆಯಿಲ್ಲ.

ಊರಿಗೆ ಹೋದಾಗೆಲ್ಲ ಒಂದು ಪ್ರಶ್ನೆ ಬರುತ್ತದೆ. "ಫ್ಲೋರೈಡ್‌ನಿಂದಲೇ ಕಲೆ ಬಂದಿದ್ದಲ್ವಾ, ಮತ್ತೆ ಫ್ಲೋರೈಡ್ ಪೇಸ್ಟ್ ಯಾಕೆ?" ದೊಡ್ಡವರ ಹಲ್ಲು ಆಗಲೇ ರೂಪುಗೊಂಡಿರುತ್ತದೆ. ಉಜ್ಜಿ ಉಗಿಯುವ ಪೇಸ್ಟಿನಿಂದ ಹೊಸ ಮಚ್ಚೆ ಬರುವುದಿಲ್ಲ, ಹುಳುಕು ತಡೆಯುತ್ತದೆ. ಮಕ್ಕಳ ವಿಷಯ ಬೇರೆ, ಅವರು ನುಂಗುತ್ತಾರೆ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು.

ಮಕ್ಕಳಿಗೆ ಪೇಸ್ಟಿಗಿಂತ ಮುಖ್ಯ ನೀರು. ಮುಂದಿನ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಮೊದಲ ಕೆಲವು ವರ್ಷಗಳಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪಾಲು ಇನ್ನಷ್ಟು ಜಾಸ್ತಿಯಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವವರು ಕೂಡ ಅಡುಗೆಗೆ ಬೋರ್‌ವೆಲ್ ನೀರನ್ನೇ ಹಾಕುತ್ತಾರೆ. ಬೇಳೆ ಬೇಯಿಸಲು, ಅನ್ನ ಮಾಡಲು, ಮುದ್ದೆ ತಿರುವಲು ಕೂಡ ಆ ಕ್ಯಾನ್ ನೀರೇ ಆಗಬೇಕು ಅಂತ ತಂಗಿಗೆ ಹೇಳಿದ್ದೇನೆ. ಅವಳ ಮಗನಿಗೆ ಈಗಷ್ಟೇ ಹಾಲುಹಲ್ಲು ಬರುತ್ತಿವೆ.